ಒಲೆಬಾಯಿಗೆ ಅಡ್ಡ ಕೂತವಳು

ಎಷ್ಟು ಹುಣಸೆಹಣ್ಣು ಹಾಕಿ ಉಜ್ಜಿದರೂ ಅತ್ತೆಯ ಬೆರಳುಗಳ ಕಪ್ಪು ಹೋಗುತ್ತಿರಲಿಲ್ಲ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಕಟ್ಟಿ ಉಗುರಿನ ಸಂದಿಗೂ ಅಂಟು ಹಿಡಿದಿತ್ತು. ನನ್ನಪ್ಪನ ಅಕ್ಕ ಆಕೆ. ಗಂಡನ ಮನೆಯಿಂದ ಬಂದು ಹಂಪಾಪುರದ ಹತ್ತಿರದ ನಮ್ಮ ಮನೆಯಲ್ಲೇ ಉಳಿದವಳು. ಸಾಧು ಹೆಂಗಸು ಅಂತ ನಾನಂತೂ ಹೇಳಲಾರೆ. ಬಾಯಿ ಬಲು ಜೋರು. ಸಾರಿಗೆ ಉಪ್ಪು ಹೆಚ್ಚಾಯಿತು ಅಂದವರ ತಟ್ಟೆಯನ್ನೇ ಎತ್ತಿಕೊಂಡು ಹೋಗಿ ಎಮ್ಮೆಗೆ ಹಾಕಿಬಿಡುತ್ತಿದ್ದಳು.

ಒಂದು ವರ್ಷ ಬೂದು ಬೆಕ್ಕೊಂದು ಬಸುರಾಗಿ ನಮ್ಮ ಹಿತ್ತಿಲಿಗೆ ಬಂತು. ಅತ್ತೆ ಹ್ಯಾಂಡ್‌ಪೋಸ್ಟಿನ ಸಂತೆಯಿಂದ ಒಣಮೀನು ತರಿಸಿ, ಸುಟ್ಟು, ಮುಳ್ಳು ತೆಗೆದು, ಮುದ್ದೆಯ ಚೂರಿನೊಂದಿಗೆ ಹಿಸುಕಿ ಇಡುತ್ತಿದ್ದಳು. ಸೊಪ್ಪಿನ ಕಹಿ ತಗಲೀತೆಂದು ಮೊದಲು ಕೈ ತೊಳೆಯುತ್ತಿದ್ದಳು. ನಮಗೆ ಬಡಿಸುವಾಗ ಆ ಮುತುವರ್ಜಿ ಇರಲಿಲ್ಲ ಬಿಡಿ!

“ನಮ್ಗಿಲ್ದಿರೋ ಉಪಚಾರ ಬೆಕ್ಕಿಗಾ ಅತ್ತೆ?” ಎಂದು ರೇಗಿಸಿದೆ.

“ಮದ್ವೆಯಾಗಿ ಬಸುರಿಯಾಗಿ ಬಾ, ನಿಂಗೂ ಇಂಗೇ ಮುಳ್ ತೆಗ್ದು ಕೊಡ್ತೀನಿ ಕಣವ್ವಾ.” ಜಗಲಿಯಲ್ಲಿದ್ದ ಅಪ್ಪನೂ ನಕ್ಕ.

ಸೊಪ್ಪು ಕೊಯ್ಲಿನ ಕಾಲ. ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಬ್ಯಾರನ್ ಕೋಣೆಗೆ ಕಡ್ಡಿಗಳನ್ನೆಲ್ಲ ಏರಿಸಿ ಆಗಿತ್ತು. ಹೊರಗಿನ ಒಲೆಗೆ ಬೆಂಕಿ ಇಡುವುದೊಂದೇ ಬಾಕಿ. ಆಗ ಒಳಗಿಂದ ನರಳಾಟ ಕೇಳಿಸಿತು. ಬಿಸಿ ಹಾಯುವ ಕೊಳವೆಯ ಹಿಂದೆ ಬೆಕ್ಕು ಆಗಲೇ ಒಂದು ಮರಿ ಹಾಕಿ ಮಲಗಿತ್ತು. ಅಪ್ಪ ಗಳ ಹಾಕಿ ಎಬ್ಬಿಸಲು ನೋಡಿದ. ಅದು ಇನ್ನಷ್ಟು ಒಳಕ್ಕೆ ಸರಿಯಿತು. ತಡವಾದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಅಪ್ಪ ಬೆಂಕಿಪೊಟ್ಟಣ ತೆಗೆದ.

ಅತ್ತೆ ಬಂದು ಒಲೆಬಾಯಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

“ಏಳಕ್ಕ. ಬಿಸಿ ತಾಕುದ್ರೆ ಅದೇ ಓಡೋಯ್ತದೆ.”

“ಮರಿ ಬುಟ್ಟು ಎಲ್ಲಿಗ್ಲಾ ಓಡೋಯ್ತದೆ? ಇಕ್ಕು ಬೆಂಕಿಯ. ಮೊದ್ಲು ನನ್ ಸೀರೆಗಿಕ್ಕು.”

“ಬೆಕ್ಕೇ ಎಚ್ಚಾದ್ರೆ ಅದ್ರ ಜೊತೆ ನೀನೂ ಈ ಮನೆಯಿಂದ ಓಗು!”

“ಓಯ್ತೀನಿ. ಅದು ಮರಿ ಆಕಿ ಮುಗಿಸ್ಲಿ, ಓಯ್ತೀನಿ. ಬಸುರೀಲಿ ಗಂಡನ ಮನೆಯೋರು ಈಚೆಗ್ ತಳ್ಳುದ್ರೆ ನಡ್ಕೊಂಡ್ ಬಂದೋಳು ಕಣ್ಲಾ ನಾನು. ಇನ್ನೊಂದ್ಸಲ ನಡೆಯಾಕೆ ಎದ್ರುಕತೀನಾ?”

ಅವಳ ಆ ಬಸುರು ಉಳಿದಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಎತ್ತದ ಮಾತು ಅದು. ಅಪ್ಪ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಸೊಪ್ಪು ಕಟ್ಟಲು ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ಕೂತರು. ಮಧ್ಯಾಹ್ನ ಕಳೆದ ಮೇಲೆ ಅತ್ತೆ ಒಳಗೆ ತೆವಳಿ, ಕೈತುಂಬ ಪರಚಿಸಿಕೊಂಡು, ತಾಯಿಯನ್ನೂ ನಾಲ್ಕು ಮರಿಗಳನ್ನೂ ಮಂಕರಿಯಲ್ಲಿ ಹೊತ್ತು ತಂದಳು.

“ಈಗ ಇಕ್ಕು” ಎಂದವಳೇ ಒಳಗೆ ಹೋಗಿ ಸೀರೆ ಗಂಟು ಕಟ್ಟತೊಡಗಿದಳು. ಅಪ್ಪ ಆ ಗಂಟು ಕಿತ್ತುಕೊಂಡು ಅಟ್ಟಕ್ಕೆ ಎಸೆದ. ಆ ಸಲದ ಸೊಪ್ಪಿಗೆ ಬಣ್ಣ ಬರಲಿಲ್ಲ. ಅಪ್ಪ ಹಂಗಿಸಿದಾಗಲೆಲ್ಲ, “ಮರಿಗಳ್ ಬಣ್ಣ ನೋಡ್ಲಾ, ಎಂಗದೆ!” ಅನ್ನುತ್ತಿದ್ದಳು.

ಅತ್ತೆ ತೀರಿಕೊಂಡ ಮರುವರ್ಷ, ಗಂಡನ ಹೊಡೆತ ಸಾಕಾಗಿ ನಾನು ಐದು ತಿಂಗಳ ಬಸುರಿ, ಬ್ಯಾಗು ಹಿಡಿದು ತವರಿಗೆ ಬಂದೆ. ಬುದ್ಧಿ ಹೇಳಲು ಊರೇ ನೆರೆಯಿತು. “ನಾಳೀಕೆ ಕರ್ಕೊಂಡೋಗಿ ಬುಟ್ಬುಡು” ಎಂದರು ಪಕ್ಕದ ಮನೆಯ ಯಜಮಾನರು. ಅಪ್ಪ ನನ್ನನ್ನು ಒಳಗೆ ಕಳಿಸಿ, ಹೊಸಿಲಿಗೆ ಅಡ್ಡ ಕೂತ.

“ಮಗ್ಳು ಒಳೀಕೆ ಓಗವ್ಳೆ. ಈಗ ಯಾರೇನಂತೀರೋ ಅನ್ನಿ.”

ಮಾರನೆಯ ದಿನ ಹ್ಯಾಂಡ್‌ಪೋಸ್ಟಿಗೆ ಹೋಗಿ ಒಣಮೀನು ತಂದ. ತಾನೇ ಸುಟ್ಟ.

“ನಿಮ್ಮತ್ತೆ ಮಾತು ಕೊಟ್ಟಿದ್ಲಲ್ಲ” ಎಂದು ಮುಳ್ಳು ತೆಗೆಯುತ್ತ ಕೂತ.