ಸಂಜೆಯಾದರೆ ನಡುಗುವ ಬಾಣ

ನನಗೆ ಅನುಮಾನ ಹುಟ್ಟುಗುಣ. ರಸೆಲ್ ಮಾರುಕಟ್ಟೆಯಲ್ಲಿ ಸೇಬು ಕೊಂಡರೆ ಬುಟ್ಟಿಯ ತಳದಿಂದ ಎತ್ತಿಸಿ ನೋಡುವವಳು ನಾನು. ಆಟೋದಲ್ಲಿ ಮೀಟರನ್ನೇ ದಿಟ್ಟಿಸುತ್ತಾ ಕೂತು, ಇಳಿಯಬೇಕಾದ ಜಾಗ ದಾಟಿಹೋದದ್ದೂ ಇದೆ. "ಅನುಮಾನಂ ಪೆದ್ದ ರೋಗಂ ಕಣೇ, ಅದಕ್ಕೆ ಯಾವ ಡಾಕ್ಟ್ರ ಹತ್ರಾನೂ ಮದ್ದಿಲ್ಲ" ಅಂತ ಅಮ್ಮ ಬೈಯೋರು. ಇಂಥವಳಿಗೆ ಒಂದು ಕನ್ನಡ ವಾರಪತ್ರಿಕೆಯಲ್ಲಿ ಹೊಸ ಸಾಮಾನುಗಳನ್ನು ಬಳಸಿ ನೋಡಿ ಬರೆಯುವ ಕೆಲಸ ಸಿಕ್ಕಿತ್ತು. ಮಿಕ್ಸಿ, ಮೊಬೈಲು, ಕ್ಯಾಮೆರಾ, ಆಮೇಲೆ ವಿಡಿಯೋ ಗೇಮು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷ ಆಗಿತ್ತು. ಇಂದಿರಾನಗರದ ಆಫೀಸಿನಲ್ಲಿ ಸಂಪಾದಕರು, "ನೀನು ಯಾವುದನ್ನೂ ನಂಬಲ್ಲ, ಅದಕ್ಕೇ ಈ ಪುಟ ನಿಂಗೆ" ಅಂದಿದ್ದರು. ನಾನದನ್ನು ಹೊಗಳಿಕೆ ಅಂತಲೇ ತಿಳಿದಿದ್ದೆ.

ಆಗಷ್ಟೇ ಕೈ ಬೀಸಿ ಆಡುವ ಗೇಮಿನ ಮಿಷಿನ್ ಬಂದಿತ್ತು. ಗುಂಡಿ ಒತ್ತುವುದಕ್ಕಿಂತ ರಿಮೋಟು ಹಿಡಿದು ಕೈ ಬೀಸುವುದೇ ಹೆಚ್ಚು. ನೀವು ಬೀಸಿದರೆ ಟೀವಿಯೊಳಗಿನ ಹುಡುಗಿ ಕತ್ತಿ ಬೀಸುತ್ತಾಳೆ. ಅದನ್ನು ಕೊಳ್ಳುವ ಶಕ್ತಿ ನಮ್ಮ ಪತ್ರಿಕೆಗೆ ಎಲ್ಲಿತ್ತು! ಶಿವಾಜಿನಗರದಲ್ಲಿ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಭಾಯ್ ಒಬ್ಬರ ಅಂಗಡಿ ಇತ್ತು. ಅವರ ತಂದೆ ರೇಡಿಯೋ ಮಾರುತ್ತಿದ್ದ ಅಂಗಡಿ, ಇವರು ಅದರಲ್ಲೇ ಗೇಮು ಇಟ್ಟಿದ್ದರು. ಹೋಗಿ ಕೇಳಿದೆ. ಸುಲೇಮಾನಿ ಚಹಾ ತರಿಸಿದರು.

"ತಗೊಂಡೋಗಿ ಮೇಡಂ, ಆಡಿ ನೋಡಿ, ಮನಸಿಗೆ ಬಂದಿದ್ದು ಬರೀರಿ. ಒಂದೇ ಮಾತು, ಈ ಓಣಿಯಲ್ಲಿ ಡುಪ್ಲಿಕೇಟ್ ಅನ್ನೋ ಹೆಸರು ಬಂದ್ರೆ ಅಂಗಡಿ ಖತಂ. ಅಬ್ಬಾ ಕಾಲದಿಂದ ಆ ಹೆಸರು ಬಂದಿಲ್ಲ. ನಾನು ಡುಪ್ಲಿಕೇಟ್ ಮುಟ್ಟೋದೂ ಇಲ್ಲ."

ಕೇಳದೆಯೇ ಯಾಕೆ ಹೇಳಿದ ಈ ಮನುಷ್ಯ, ಅಂತ ನನಗೆ ಅಲ್ಲೇ ಹುಳ ಹೊಕ್ಕಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಆದರೂ ಚಹಾ ಕುಡಿದು, ಅಂಗಡಿಯ ಕೌಂಟರಿನದೊಂದು ಫೋಟೋ ತೆಗೆದುಕೊಂಡು, ಮಿಷಿನ್ನು ಎತ್ತಿಕೊಂಡು ಕಗ್ಗದಾಸಪುರಕ್ಕೆ ಬಂದೆ.

ಆಟ ಒಂದು ಮಾಯಾಲೋಕದ ಕಥೆ. ಒಂದು ಊರಿನ ಹೊಳೆಯನ್ನೇ ಯಾರೋ ಮಾಟಗಾರ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿದ್ದಾನೆ. ಅಗಸರ ಹುಡುಗಿಯೊಬ್ಬಳು ಕತ್ತಿ, ಬಿಲ್ಲು ಹಿಡಿದು ಅದನ್ನು ಹುಡುಕಿಕೊಂಡು ಹೊರಡುತ್ತಾಳೆ. ಕಥೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಕೆಲಸ ಕಥೆ ಕೇಳುವುದಲ್ಲವಲ್ಲ. ಮೊದಲನೇ ದಿನವೇ ಒಂದು ಗುಟ್ಟು ಹಿಡಿದೆ: ಕತ್ತಿ ಬೀಸಲು ತೋಳೇ ಬೇಕಿಲ್ಲ, ಸೊಳ್ಳೆ ಓಡಿಸುವಷ್ಟು ಮಣಿಕಟ್ಟು ಅಲ್ಲಾಡಿಸಿದರೆ ಸಾಕು. ಹಾಗಿದ್ದಮೇಲೆ ಜಾಹೀರಾತಿನಲ್ಲಿ ಅಷ್ಟೆಲ್ಲಾ ಕುಣಿದಾಡುವುದು ಯಾಕೆ? ಟಿಪ್ಪಣಿ ಮಾಡಿಕೊಂಡೆ.

ಬಿಲ್ಲಿನ ವಿಷಯ ಬೇರೆ. ರಿಮೋಟನ್ನು ಟೀವಿ ಕಡೆ ಹಿಡಿದು ಗುರಿ ಇಡಬೇಕು. ನಾನು ಆಫೀಸು ಮುಗಿಸಿ ಬಂದು ಆಡಲು ಕೂತರೆ ಬಾಣದ ಗುರಿ ಗಡಗಡ ನಡುಗುತ್ತಿತ್ತು. ಹಕ್ಕಿಗೆ ಇಟ್ಟದ್ದು ಮರಕ್ಕೆ, ಮರಕ್ಕೆ ಇಟ್ಟದ್ದು ಆಕಾಶಕ್ಕೆ. ಅಮ್ಮ ಸಂಜೆಯ ಪೂಜೆ ಮುಗಿಸಿ, ಹೂವು ಕಟ್ಟುತ್ತಾ ಕೂತು ನೋಡೋರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು ಒಂದು ಸಲ. ಮೈಯೆಲ್ಲಾ ಉರಿದುಹೋಯಿತು.

ಭಾನುವಾರ ಬೆಳಗ್ಗೆ ಕೂತೆ. ಆಗ ಸರಿಯಾಗಿತ್ತು! ಮಧ್ಯಾಹ್ನವೂ ಸರಿ. ಸಂಜೆ ಆರೂವರೆಗೆ ಮತ್ತೆ ಶುರುವಾಯಿತು ನಡುಕ. ಸರಿ, ಗೊತ್ತಾಯಿತು ಅಂದುಕೊಂಡೆ. ಬಿಸಿಯಾದಮೇಲೆ ಕೆಡುವ ಹಳೇ ಮಿಷಿನ್ನನ್ನು ಒರೆಸಿ, ಹೊಸ ಡಬ್ಬಿಗೆ ತುಂಬಿ ಕೊಟ್ಟಿದ್ದಾನೆ ಪುಣ್ಯಾತ್ಮ.

ಸೋಮವಾರ ಮಧ್ಯಾಹ್ನ ಅಂಗಡಿಗೆ ಹೊತ್ತೊಯ್ದೆ. ಭಾಯ್ ತಮ್ಮ ಟೀವಿಗೆ ಹಾಕಿದರು. ಬಾಣ ಕೂದಲಷ್ಟೂ ಅಲುಗಲಿಲ್ಲ. ನನ್ನ ಮುಖ ನೋಡಿ, ಬೇರೆ ಮಿಷಿನ್ ಕೊಟ್ಟರು. ಅದೂ ಸಂಜೆ ನಡುಗಿತು. ಮತ್ತೆ ಹೊತ್ತೊಯ್ದೆ. ಈ ಸಲ ಕೇಳಿದರು:

"ಮೇಡಂ, ನಿಮ್ಮ ಟೀವಿ ಹತ್ರ ಬಲ್ಬು ಗಿಲ್ಬು, ಟ್ಯೂಬ್‌ಲೈಟು ಏನಾದ್ರೂ ಇದ್ಯಾ?"

"ಯಾವ ಬಲ್ಬೂ ಇಲ್ಲ, ಏನೂ ಇಲ್ಲ. ನಮ್ಮನೆ ಮೇಲೆ ಹಾಕ್ಬೇಡಿ ಭಾಯ್" ಅಂದೆ, ಸ್ವಲ್ಪ ಜೋರಾಗಿಯೇ.

"ಅರೆ, ಕೋಪ ನಕ್ಕೋ ಮೇಡಂ." ಒಳಗೆ ಹೋಗಿ ಯಾರಿಗೋ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಅವರ ಮನೆಯಿಂದ ಮೂರನೇ ಮಿಷಿನ್ ಬಂತು. ಅವರ ಹೆಂಡತಿ ದಿನಾ ಆಡುತ್ತಿದ್ದ ಮಿಷಿನ್ನಂತೆ. "ಇದು ನಾನೇ ನೋಡಿದೀನಿ, ದಿನಾ ನನ್ನ ಸೋಲಿಸ್ತಾಳೆ. ಇದರಲ್ಲಿ ತೊಂದರೆ ಇರೋ ಚಾನ್ಸೇ ಇಲ್ಲ" ಅಂದು ನಕ್ಕರು.

ಆ ಸಂಜೆ ಅದೂ ನಡುಗಿತು. ಮೂರಕ್ಕೆ ಮೂರೂ! ನನ್ನ ಸಿಟ್ಟು ನೆತ್ತಿಗೇರಿತು. ಕೂತು ಬರೆದೆ. ಆಟದ ಕಥೆಗೆ ನಾಲ್ಕು ಒಳ್ಳೇ ಮಾತು, ಕತ್ತಿಯ ಗುಟ್ಟಿಗೆ ಎರಡು ಸಾಲು, ರಿಮೋಟು ಗುರಿ ಅಳೆಯುವ ಬಗೆಗೆ ಒಂದು ಪ್ಯಾರಾ, ಉಳಿದದ್ದೆಲ್ಲ ಎಚ್ಚರಿಕೆ. "ಬೆಳ್ಳಗಿರುವುದೆಲ್ಲ ಹಾಲಲ್ಲ. ಚಿತ್ರದಲ್ಲಿ ಕಾಣುವಂಥ ಓಣಿಯ ಅಂಗಡಿಗಳಲ್ಲಿ ಚಹಾ ಕುಡಿಸಿ, ನಗುನಗುತ್ತಾ ಹಳೇ ಸರಕನ್ನು ಹೊಸದೆಂದು ಕೈಗಿಡುತ್ತಾರೆ. ಓದುಗರು ಮಂಗ ಆಗಬಾರದು." ಜತೆಗೆ ನಾನು ತೆಗೆದ ಕೌಂಟರಿನ ಫೋಟೋ. ಸಂಪಾದಕರು, "ಖಾರವಾಗಿದೆ, ಸೂಪರ್" ಅಂತ ಒಂದಕ್ಷರ ಮುಟ್ಟದೆ ಅಚ್ಚಿಗೆ ಕಳಿಸಿದರು. ಆಟ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಮಿಷಿನ್ನನ್ನು ಮಾತ್ರ ವಾಪಸು ಕೊಡಲಿಲ್ಲ. ಅಷ್ಟು ನಾಚಿಕೆಗೇಡಿತನವೂ ನನ್ನಲ್ಲಿತ್ತು.

ಪತ್ರಿಕೆ ಬಂದ ಮೂರನೇ ದಿನ ಕೆ.ಆರ್. ಪುರದಲ್ಲಿ ನಮ್ಮ ದಾಯಾದಿ ಕಡೆಯ ದೊಡ್ಡಪ್ಪ ತೀರಿಕೊಂಡರು. ಹತ್ತು ದಿನ ಸೂತಕ. ಅಮ್ಮ ಪೂಜೆ ನಿಲ್ಲಿಸಿದರು. ನಾನು ಎರಡು ದಿನ ಸುಮ್ಮನಿದ್ದೆ, ಮೂರನೇ ಸಂಜೆ ಸದ್ದು ಕಡಿಮೆ ಮಾಡಿಕೊಂಡು ಆಟ ಹಾಕಿದೆ. "ಸೂತಕದಲ್ಲಿ ಇದೆಂಥದೇ ನಿನ್ನ ಕುಣಿತ" ಅಂದರು. "ಆಫೀಸ್ ಕೆಲಸ ಅಮ್ಮ" ಅಂದೆ.

ಬಾಣ ನಡುಗಲಿಲ್ಲ. ಏಳು ಗಂಟೆಗೂ ಇಲ್ಲ, ಎಂಟಕ್ಕೂ ಇಲ್ಲ. ಮಾರನೇ ದಿನವೂ ಇಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ಇದರಲ್ಲೂ ಏನೋ ಇದೆ, ತಾನಾಗಿ ಸರಿಹೋಗುವುದು ಹೇಗೆ, ಅಂತ ಮತ್ತೆ ಅನುಮಾನ. ಆ ಒಂದು ವಾರದಲ್ಲಿ ಹುಡುಗಿ ಹೊಳೆಯಿದ್ದ ಪೆಟ್ಟಿಗೆಯ ಬಾಗಿಲವರೆಗೂ ಬಂದಳು.

ಸೂತಕ ಕಳೆದ ದಿನ ಅಮ್ಮ ಮನೆ ತೊಳೆದು, ತಲೆಗೆ ನೀರು ಹಾಕಿಕೊಂಡು, ಸಂಜೆ ಜೋಡಿ ದೀಪ ಹಚ್ಚಿದರು. ಮುಂದಿನ ಎರಡು ಪೋರ್ಷನ್ನುಗಳನ್ನು ಬಾಡಿಗೆಗೆ ಕೊಟ್ಟಮೇಲೆ ನಮಗೆ ಬೇರೆ ದೇವರ ಕೋಣೆ ಇರಲಿಲ್ಲ. ದೇವರ ಪಟ ಇದ್ದದ್ದು ಟೀವಿಯ ಮೇಲಿನ ಹಲಗೆಯಲ್ಲಿ, ಅದರ ಮುಂದೆ ಒಂದೊಂದು ಬದಿಗೆ ಒಂದೊಂದು ದೀಪ, ಹಚ್ಚುತ್ತಿದ್ದದ್ದು ಸಂಜೆ ಮಾತ್ರ. ಅಮ್ಮ ಕೈಮುಗಿದು ಇತ್ತ ತಿರುಗಿದ್ದೇ ತಡ, ನನ್ನ ಬಾಣ ಗಡಗಡ ನಡುಗಿತು.

ಕೂತಲ್ಲಿಂದಲೇ ದೀಪಗಳತ್ತ ಕಣ್ಣೆತ್ತಿದೆ. ಆ ರಿಮೋಟಿನ ತುದಿಗೆ ಒಂದು ಕಣ್ಣಿರುತ್ತದೆ. ಟೀವಿ ಹತ್ತಿರ ಇಟ್ಟ ಪಟ್ಟಿಯೊಂದು ಎರಡು ತುದಿಯಿಂದ ನಮಗೆ ಕಾಣದ ಬೆಳಕು ಬಿಡುತ್ತದೆ, ಆ ಎರಡು ಬೆಳಕನ್ನು ನೋಡಿಯೇ ರಿಮೋಟು ಗುರಿ ಅಳೆಯುವುದು. ಇದನ್ನು ನಾನೇ ನನ್ನ ಲೇಖನದಲ್ಲಿ ಬಿಡಿಸಿ ಬರೆದಿದ್ದೆ! ಪಟ್ಟಿಯ ಮೇಲೆ ಒಂದು ಗೇಣು ಎತ್ತರಕ್ಕೆ ಇನ್ನೆರಡು ಬೆಳಕು ಉರಿಯುತ್ತಿದ್ದರೆ ಅದು ತಾನೇ ಯಾವುದನ್ನು ನಂಬಬೇಕು? ಭಾಯ್ ಕೇಳಿಯೂ ಇದ್ದರು. ಬಲ್ಬು ಇಲ್ಲ ಅಂದಿದ್ದೆ. ನಮ್ಮ ಮನೆಯಲ್ಲಿ ದೀಪ ದೇವರ ಲೆಕ್ಕಕ್ಕೆ ಸೇರಿದ್ದು, ಬೆಳಕಿನ ಲೆಕ್ಕಕ್ಕೆ ಅದನ್ನು ಯಾರೂ ತಂದವರಲ್ಲ.

"ಅಮ್ಮ, ದೀಪ ಒಂದ್ನಿಮಿಷ ಆರಿಸ್ಲಾ?" ಅಂದೆ.

"ಬಿಡ್ತು ಅನ್ನು! ಸೂತಕ ಕಳೆದು ಇವತ್ತು ಹಚ್ಚಿದೀನಿ, ಸಂಜೆ ಹೊತ್ತು ಆರಿಸೋ ಮಾತಾಡ್ತೀಯಲ್ಲೇ!"

ಅಡುಗೆಮನೆಯಿಂದ ಮೊರ ತಂದು ದೀಪಗಳ ಮುಂದೆ ಅಡ್ಡ ಹಿಡಿಯಲು ಅಮ್ಮನಿಗೇ ಹೇಳಿದೆ. ಗೊಣಗುತ್ತಲೇ ಹಿಡಿದರು. ಬಾಣ ನಿಂತಿತು. ಮೊರ ತೆಗೆದರು, ನಡುಗಿತು. ನಾಲ್ಕು ಸಲ ತೆಗೆಸಿ ಹಿಡಿಸಿದೆ, ನಂಬಿಕೆ ಬರದೆ. ಆಮೇಲೆ ಅಮ್ಮನಿಗೆ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ಆ ಮನುಷ್ಯನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ" ಅಂದರು, ಅಷ್ಟೇ.

ಮಾರನೇ ದಿನ ಸಂಪಾದಕರ ಮುಂದೆ ನಿಂತೆ. ತಪ್ಪಾಯಿತು ಅಂತ ಅಚ್ಚು ಹಾಕಬೇಕು ಅಂದೆ. ಅವರು ಬಿದ್ದು ಬಿದ್ದು ನಕ್ಕರು. "ದೀಪದ ಕಥೆ ಚೆನ್ನಾಗಿದೆ ಕಣೇ. ಆದ್ರೆ ಅಂಗಡಿ ಹೆಸರೇನೂ ಹಾಕಿಲ್ವಲ್ಲ, ಯಾರಿಗೆ ಗೊತ್ತಾಗುತ್ತೆ ಬಿಡು." ಫೋಟೋ ಇತ್ತಲ್ಲ ಸಾರ್ ಅಂದೆ. "ಮುಂದಿನ ವಾರ ನೋಡಣ" ಅಂದರು. ಅವರು ನೋಡುವುದಿಲ್ಲ ಅಂತ ಗೊತ್ತಿತ್ತು. ಆ ಒಂದು ಅನುಮಾನ ಮಾತ್ರ ಸುಳ್ಳಾಗಲಿಲ್ಲ.

ಮಿಷಿನ್ನನ್ನು ಚೀಲದಲ್ಲಿಟ್ಟುಕೊಂಡು ಶಿವಾಜಿನಗರದ ಬಸ್ಸು ಹತ್ತಿದೆ. ಭಾಯ್ ಒರಟಾಗಿ ಮಾತಾಡಿದರೆ ತಲೆ ತಗ್ಗಿಸಿ ಕೇಳಬೇಕು, ಎಲ್ಲರೆದುರು ಬೈದರೂ ನಿಲ್ಲಬೇಕು, ಅಂತ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ.

ಅಂಗಡಿಯ ಮುಂದಿನ ಗಾಜಿನ ಮೇಲೆ, ಕಣ್ಣೆತ್ತರಕ್ಕೆ, ನನ್ನ ಲೇಖನ ಅಂಟಿಸಿತ್ತು. ಅಂಚು ನೀಟಾಗಿ ಕತ್ತರಿಸಿ, ನಾಲ್ಕೂ ಕಡೆ ಟೇಪು ಹಾಕಿ, ಸುತ್ತ ಬಣ್ಣದ ಕಾಗದದ ಪಟ್ಟಿ ಕಟ್ಟಿದ್ದರು. ಕಾಲೇಜಿನ ಇಬ್ಬರು ಹುಡುಗರು ನಿಂತು ಓದಿ, ಒಬ್ಬರನ್ನೊಬ್ಬರು ತಿವಿದುಕೊಂಡು, ಒಳಗೆ ಹೋಗದೆ ಮುಂದೆ ನಡೆದರು.

"ಆಯಿಯೇ ಮೇಡಂ!" ಭಾಯ್ ಕೌಂಟರಿನಿಂದ ಎದ್ದೇ ಬಂದರು. "ಪುಸ್ತಕದಂಗಡೀಲಿ ಹುಡುಕಿ ತಂದೆ. ನಮ್ಮ ಕೌಂಟರ್ ಫೋಟೋ ಅಚ್ಚಲ್ಲಿ! ಅಬ್ಬಾ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು. ನಂಗೆ ಕನ್ನಡ ಮಾತಾಡೋಕ್ಕೆ ಬರುತ್ತೆ, ಓದಕ್ಕೆ ಬರಲ್ಲ. ನೀವೇ ಬರ್ದಿದ್ದು, ನೀವೇ ಒಂದ್ಸಲ ಓದಿ ಹೇಳ್ಬಿಡಿ."

ಸುಳ್ಳು ಓದಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು, "ಈ ಅಂಗಡಿಯನ್ನು ಕಣ್ಣು ಮುಚ್ಚಿ ನಂಬಬಹುದು" ಅಂತ. ಆದರೆ ನಾಳೆ ಆ ಗಾಜಿನ ಮುಂದೆ ನಿಂತು ಓದುವವರು ನಾನು ಬರೆದದ್ದನ್ನೇ ಅಲ್ಲವೇ ಓದುವುದು. ಬರೆದದ್ದನ್ನು ಬರೆದ ಹಾಗೇ ಓದಿದೆ. ಚಹಾ ಕುಡಿಸಿ ಅನ್ನುವ ಸಾಲನ್ನೂ ಬಿಡಲಿಲ್ಲ. ಮಂಗ ಅನ್ನುವವರೆಗೂ ಓದಿ, ದೀಪದ ವಿಷಯ ಹೇಳಿ, ತಪ್ಪು ನನ್ನದು ಭಾಯ್ ಅಂದೆ.

ಅವರು ಬೈಯಲಿಲ್ಲ. ಗಾಜಿನ ಹತ್ತಿರ ಹೋಗಿ ಆ ಕಾಗದದ ಮುಂದೆ ನಿಂತರು.

"ಎರಡು ವಾರದಿಂದ ಮೇಡಂ," ಅಂದರು, "ಇದನ್ನ ಓದಿದೋರೆಲ್ಲ ನನ್ನ ಕಡೆ ನೋಡಿ ನಗೋರು. ನಾನೂ ಎದ್ದು ನಿಂತು, ಎದೆ ಮೇಲೆ ಕೈ ಇಟ್ಕೊಂಡು ಶುಕ್ರಿಯಾ ಅಂತಿದ್ದೆ."