ಎಡಗೈ ಕತ್ತರಿಯ ಜಕಾತಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಅತ್ತೆ ಹೇಳುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಜೇವರ್ಗಿಯಿಂದ ಆಳಂದಕ್ಕೆ ಸೊಸೆಯಾಗಿ ಬಂದಾಗ ನನ್ನ ಜೊತೆ ಒಂದು ಹೊಲಿಗೆ ಯಂತ್ರವೂ ಬಂತು. ಯಂತ್ರ ನೋಡಿ ಅತ್ತೆಗೆ ಖುಷಿಯಾಯಿತು. ನನ್ನ ಸಿಟ್ಟನ್ನೂ ಸಹಿಸಿಕೊಂಡರು, ಏಕೆಂದರೆ ಅವರದು ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ಒಪ್ಪದೆ ಹೋದದ್ದು ನನ್ನ ಎಡಗೈಯನ್ನು.

ಬಂದ ವಾರದಲ್ಲೇ, ನೆಂಟರು ಊಟಕ್ಕೆ ಕೂತಿರುವಾಗ ನಾನು ಎಡಗೈಯಲ್ಲಿ ಸೌಟು ಹಿಡಿದೆ. ಅತ್ತೆ ಎಲ್ಲರ ಎದುರೇ, "ಏ ಹುಡುಗಿ, ಆ ಕೈ ಹಿಂದ ಇಟ್ಕೊ. ನಮ್ಮನ್ಯಾಗ ಎಡಗೈಲೆ ನೀಡಂಗಿಲ್ಲ" ಎಂದರು. ಮರುದಿನ ರೊಟ್ಟಿ ಬಡಿಯುವಾಗಲೂ ಅದೇ ಮಾತು. ಬ್ಲೌಸು ಹೊಲಿಯಲು ಶುರುಮಾಡಿದ ಮೇಲೆ, "ಮಂದಿ ಹೊಸಾ ಅರಿವಿ ಎಡಗೈಲೆ ಕತ್ತರಸ್ತಿಯೇನ ಬೇ? ಮದಿವಿ ಬ್ಲೌಸ್ ಅವು" ಎಂದು ತಡೆದರು. ಒಮ್ಮೆ ನನಗೂ ಪಿತ್ತ ನೆತ್ತಿಗೇರಿ, "ದಿನಾ ಮುಂಜಾನಿ ಲಿಂಗಪೂಜಿ ಮಾಡುವಾಗ ಲಿಂಗ ಯಾವ ಕೈಯಾಗ ಇಟ್ಕೋತೀರಿ ಅತ್ತ್ಯಾರ? ಎಡಗೈಯಾಗಲ್ಲೇನ್ರಿ? ಅದಕ್ಕ ಆಗಲಾರದ ಮೈಲಿಗಿ ಬ್ಲೌಸಿಗೆ ಆಗ್ತದೇನ್ರಿ?" ಎಂದುಬಿಟ್ಟೆ. ಅತ್ತೆ ನನ್ನನ್ನೇ ನೋಡಿದರು. ಆದರೆ ನಿಯಮ ಮಾತ್ರ ಬದಲಾಗಲಿಲ್ಲ.

ಸುಳ್ಳು ಯಾಕೆ ಹೇಳಲಿ, ಅವರು ತಡೆಯದಿದ್ದರೂ ನನಗೆ ಬೇರೆ ದಾರಿ ಇರಲಿಲ್ಲ. ಊರಲ್ಲಿ ಸಿಗುವ ಕತ್ತರಿಗಳೆಲ್ಲ ಬಲಗೈಯವರಿಗಾಗಿಯೇ ಮಾಡಿದವು. ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದನ್ನೊಂದು ಬಿಟ್ಟು ಸರಿಯುತ್ತವೆ, ಬಟ್ಟೆ ನಡುವೆ ಮಡಚಿಕೊಳ್ಳುತ್ತದೆ, ಸೀಮೆಸುಣ್ಣದ ಗೆರೆ ಕಾಣುವುದೇ ಇಲ್ಲ. ಹಾಗಾಗಿ ಗೆರೆ ಎಳೆಯುವುದು, ಗುಂಡಿ ಹಚ್ಚುವುದು, ಕೈಹೊಲಿಗೆ ಎಲ್ಲ ಎಡಗೈಯಲ್ಲಿ, ಕತ್ತರಿಸುವುದೊಂದು ಬಲಗೈಯಲ್ಲಿ ಎಂದು ರೂಢಿ ಮಾಡಿಕೊಂಡೆ. ಕತ್ತರಿ ಮಾಡಿದವರನ್ನು ಬೈಯುವುದಕ್ಕಿಂತ ಮನೆಯಲ್ಲೇ ಇದ್ದ ಅತ್ತೆಯನ್ನು ಮನಸ್ಸಿನಲ್ಲೇ ಬೈದುಕೊಳ್ಳುವುದು ಸುಲಭವಾಗಿತ್ತು.

ಅತ್ತೆಯ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಜೋಳದ ಚೀಲ, ತೊಗರಿಬೇಳೆಯ ಗಂಟು, ಏನನ್ನೇ ಕಟ್ಟಿದರೂ ಅವರ ಗಂಟು ಮನೆಯಲ್ಲಿ ಯಾರಿಗೂ ಬಿಚ್ಚಲು ಬರುತ್ತಿರಲಿಲ್ಲ. ನನ್ನ ಗಂಡ ಹಲ್ಲು ಹಚ್ಚಿ ಎಳೆಯುತ್ತಿದ್ದರು. ನನಗೆ ಮಾತ್ರ ಥಟ್ಟನೆ ಬಿಚ್ಚುತ್ತಿತ್ತು, ದರ್ಜಿಯ ಬೆರಳಲ್ಲವೇ ಎಂದು ಜಂಭಪಡುತ್ತಿದ್ದೆ. ಇನ್ನೊಂದು, ಅವರ ಬಾಯಲ್ಲಿ 'ಸಸ್ತಾ', ಅಂದರೆ ಅಗ್ಗ, ಎಂಬ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಮಠದ ದಾಸೋಹದಲ್ಲಿ ಪುಕ್ಕಟೆ ಉಂಡು ಬಂದರೂ, "ಹೋಗಿ ಬರೂ ತ್ರಾಸಿಗೆ ನೋಡಿದ್ರ ತುಟ್ಟಿನೇ ಆತು" ಎನ್ನುವವರು.

ಎರಡು ವರ್ಷದ ಹಿಂದೆ ನನ್ನ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಬುಡದ ಕೀಲು ಊದಿಕೊಂಡು ನೀರಿನ ತಂಬಿಗೆ ಎತ್ತುವುದೂ ಕಷ್ಟವಾಯಿತು. ಡಾಕ್ಟರು ಒತ್ತಿ ನೋಡಿ, "ಕತ್ತರಿ ಬಿಡ್ರಿ, ಇಲ್ಲಾಂದ್ರ ಹೆಬ್ಬಟ್ಟು ಬಿಡಬೇಕಾಗ್ತದ" ಎಂದು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಕತ್ತರಿಸುವುದನ್ನು ಬೇರೆಯವರಿಗೆ ಕೊಟ್ಟರೆ ನಾನು ಬರೀ ಯಂತ್ರ ತುಳಿಯುವವಳಾಗುತ್ತೇನೆ. ಅಳತೆ ತೆಗೆದು, ಬಟ್ಟೆ ಹಾಸಿ, ಮೊದಲ ಕತ್ತರಿ ಹಾಕುವವಳೇ ದರ್ಜಿ. ಉಳಿದದ್ದು ಕೂಲಿ. ಒಂದು ವಾರ ಮನೆಯ ಮುಂದಿನ ಕೋಣೆಯಲ್ಲಿದ್ದ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಕೂತೆ, ಎರಡು ಸಲ ಅತ್ತುಬಿಟ್ಟೆ ಕೂಡ.

ಆ ವಾರದಲ್ಲೇ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವ ಒಬ್ಬಳು ಬ್ಲೌಸಿಗೆಂದು ಬಂದಳು. ನನ್ನ ಅಳತೆ ಪುಸ್ತಕದಲ್ಲಿ ತನ್ನ ಫೋನ್ ನಂಬರನ್ನು ಎಡಗೈಯಲ್ಲಿ ಬರೆದಳು. ಎಡಗೈಯವರು ಎಡಗೈಯವರನ್ನು ಕಂಡರೆ ಮಾತು ತಾನಾಗಿ ಹುಟ್ಟುತ್ತದೆ. ನನ್ನ ಕಥೆ ಕೇಳಿ, "ಅಕ್ಕಾ, ಎಡಗೈಯವ್ರಿಗೇ ಬ್ಯಾರೆ ಕತ್ತರಿ ಬರ್ತಾವಲ್ರಿ, ಅಲಗು ಉಲ್ಟಾ ಕೂಡ್ಸಿರ್ತಾರ" ಎಂದಳು. ನಾನು ನಂಬಲಿಲ್ಲ. ಆಕೆ ಫೋನಿನಲ್ಲಿ ತೋರಿಸಿದಳು. ಜಪಾನಿನಲ್ಲಿ ಮಾಡಿದ್ದು, ದರ್ಜಿಗಳ ದೊಡ್ಡ ಕತ್ತರಿ, ನಾಲ್ಕು ಸಾವಿರದ ಇನ್ನೂರು ರೂಪಾಯಿ, ಕಳಿಸುವ ಖರ್ಚು ಇಲ್ಲ. ಚಿತ್ರ ನೋಡುತ್ತಿದ್ದಂತೆ ನನ್ನ ಎಡಗೈ ಬೆರಳುಗಳು ತಾವೇ ಆಡತೊಡಗಿದವು. ಆಕೆಯ ಕಾರ್ಡಿನಿಂದ ಕೊಂಡೆವು, ನಾನು ಆಗಲೇ ಆಕೆಯ ಫೋನಿಗೆ ರೊಕ್ಕ ಹಾಕಿದೆ. ಅತ್ತೆಗೆ ಒಂದು ಕತ್ತರಿ ಬರುತ್ತದೆ ಎಂದಷ್ಟೇ ಹೇಳಿದೆ. ಯಾವ ಕೈಯದೆಂದು ಹೇಳಲಿಲ್ಲ.

ಹನ್ನೆರಡು ದಿನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹಿಂದಿಯಲ್ಲಿ ಒಬ್ಬ ಹೆಣ್ಣುಮಗಳು, "ನಿಮ್ಮ ಪಾರ್ಸೆಲ್ ಕಸ್ಟಮ್ಸಿನಲ್ಲಿದೆ, ಆಧಾರ್ ಕಳಿಸಿ, ಸುಂಕ ಕಟ್ಟಬೇಕಾಗುತ್ತದೆ" ಎಂದಳು. ಎಲಾ ಇವಳ! ಪಾರ್ಸೆಲ್ ಕಸ್ಟಮ್ಸಿನಲ್ಲಿದೆ, ಆಧಾರ್ ಕೊಡಿ ಎಂದವರೆಲ್ಲ ಕಳ್ಳರು ಎಂದು ದಿನಕ್ಕೆ ಹತ್ತು ಸಲ ಫೋನಿನಲ್ಲೇ ಕೇಳಿದವಳು ನಾನು. ನನಗೆ ಬರುವ ಹಿಂದಿಯಲ್ಲೆಲ್ಲ ಬೈದೆ, ಸಾಲದ್ದನ್ನು ಕನ್ನಡದಲ್ಲಿ ತುಂಬಿದೆ. ಸಂಜೆ ಮತ್ತೆ ಮಾಡಿದಳು, ಮತ್ತೆ ಬೈದೆ, ನಂಬರ್ ಬಂದ್ ಮಾಡಿದೆ. ಅತ್ತೆಗೆ ನನ್ನ ಮೇಲೆ ಎಂದೂ ಬಾರದ ಅಭಿಮಾನ ಬಂತು. ಕಟ್ಟೆಯ ಮೇಲೆ ಕೂತು ಓಣಿಯವರಿಗೆಲ್ಲ, "ನಮ್ಮ ಸೊಸಿ ಫೋನಿನ್ಯಾಗನ ಕಳ್ಳರನ್ನ ಹಿಡದ್ಲು" ಎಂದು ಹೇಳಿದರು.

ನಾಲ್ಕನೆಯ ದಿನ ವಿದ್ಯಾರ್ಥಿನಿಯ ಕರೆ. "ಅಕ್ಕಾ, ಏನ್ ಮಾಡಾಕತ್ತೀರಿ? ಅವ್ರು ಖರೇ ಕೊರಿಯರದವ್ರು ಇದ್ರಂತ. ಎರಡ ದಿನದಾಗ ಆಧಾರ್ ಕಳಸಲಿಲ್ಲಂದ್ರ ಕತ್ತರಿ ವಾಪಸ್ ಜಪಾನಿಗೆ ಹೋಗ್ತದಂತ." ಬಂದ್ ಮಾಡಿದ್ದ ನಂಬರನ್ನು ತೆರೆದು ನಾನೇ ಕರೆ ಮಾಡಿ, ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳಂತೆ "ಬೆಹೆನ್‌ಜೀ" ಎಂದೆ. "ಆಳಂದವಾಲೀ ಮೇಡಂ?" ಎಂದು ಕೇಳಿ ಆಕೆ ನಕ್ಕಳು. ನಾನೂ ನಕ್ಕೆ, ಮತ್ತೇನು ಮಾಡಲಿ. ಆಧಾರ್ ಕಳಿಸಿದೆ. ಸುಂಕ ಎಷ್ಟೆಂದು ಕೇಳಿದರೆ, ಪಾರ್ಸೆಲ್ ಜೊತೆ ಬಿಲ್ಲು ಬರುತ್ತದೆ ಎಂದಳು. ಎಷ್ಟಾದೀತು, ಇನ್ನೂರೋ ಮುನ್ನೂರೋ ಎಂದುಕೊಂಡೆ.

ಪಾರ್ಸೆಲ್ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಗಂಡ ಹವಳಗಾದ ಸಕ್ಕರೆ ಕಾರ್ಖಾನೆಯಿಂದ ರಜೆಗೆ ಬಂದವರು ಪೇಪರ್ ಓದುತ್ತಿದ್ದರು. ಕಲಬುರಗಿಯಿಂದ ಬೈಕಿನಲ್ಲಿ ಬಂದ ಕೊರಿಯರಿನವನು, ತಲೆ ಅರ್ಧ ನರೆತ ಮನುಷ್ಯ, ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಪಾವತಿ ಮುಂದೆ ಹಿಡಿದ.

"ಎರಡ ಸಾವಿರದ ಎಂಟನೂರ ಆಗ್ತದ್ರಿ ಅಕ್ಕೋರ."

ಪಾವತಿ ಇಸಿದುಕೊಂಡು ಓದಿದೆ. ಸುಂಕ, ಸುಂಕದ ಮೇಲೆ ತೆರಿಗೆ, ಕೊರಿಯರ್ ಕಂಪನಿಯ ಸೇವಾಶುಲ್ಕ, ಆ ಸೇವೆಯ ಮೇಲೂ ತೆರಿಗೆ. ನಾನು ಸಿಟ್ಟಿಗೇಳುವ ಮೊದಲೇ ಅತ್ತೆ ಕಟ್ಟೆಯಿಂದ ಎದ್ದು ಬಂದರು.

"ಯಾತರದೋ ಯಪ್ಪಾ ಎರಡ ಸಾವಿರ? ಮಾಲಿನ ರೊಕ್ಕ ಕೊಟ್ಟಾಳಂತಲ್ಲ?"

"ಇದು ಸರಕಾರದ್ದರಿ ಆಯಿ. ಹೊರದೇಶದ ಮಾಲಿಗೆ ಕಟ್ಟಬೇಕಾಗ್ತದ."

"ಜಕಾತಿ ಅನ್ನು."

"ಹೌದ್ರಿ, ಜಕಾತಿನೇ."

ಅತ್ತೆಯ ಮುಖ ಅರಳಿತು. ಜಕಾತಿ ಅವರಿಗೆ ಗೊತ್ತಿದ್ದ ವಿಷಯ. ಅವರ ತಂದೆ ಸೊಲ್ಲಾಪುರದಿಂದ ಬಳೆ ತಂದು ಮಾರುತ್ತಿದ್ದರಂತೆ, ಜಕಾತಿ ನಾಕಾದಲ್ಲಿ ಗಂಟು ಇಳಿಸಿ ಚೌಕಾಸಿ ಮಾಡುತ್ತಿದ್ದರಂತೆ. ಅತ್ತೆ ಅವನನ್ನು ಕೂರಿಸಿ, ನೀರು ಕೊಟ್ಟು, ಎರಡು ರೊಟ್ಟಿ ಶೇಂಗಾ ಹಿಂಡಿ ಹಾಕಿಸಿ, "ಅರ್ಧ ಮಾಡು" ಎಂದರು.

"ನನ್ನ ಕೈಯಾಗ ಏನಿಲ್ಲರಿ ಆಯಿ. ಕಂಪ್ಯೂಟರ್ ಹೇಳ್ತದ, ನಾ ತಗೋತೇನಿ."

"ಆತು, ಸರಕಾರದ್ದು ಸರಕಾರಕ್ಕ. ಈ ಎರಡನೇದು ಯಾರದು?"

"ಅದು ನಮ್ಮ ಕಂಪನಿದ್ರಿ. ನಿಮ್ಮ ಸುಂಕ ಮೊದಲ ನಾವು ಕಟ್ಟೇವಲ್ರಿ, ಅದರ ಚಾರ್ಜು."

"ಕಟ್ಟು ಅಂತ ನಿಮಗ ಯಾರ ಹೇಳಿದ್ರು? ಗಿಂಡಿಗಿಂತ ಕಲಾಯಿ ತುಟ್ಟಿ ಆತಲ್ಲೋ!"

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಇದೆ. ನಮ್ಮ ಮನೆಯಲ್ಲಿ ಸುಂಕದವನೇ ರೊಟ್ಟಿ ಮುರಿಯುತ್ತಾ ಅತ್ತೆಯ ಮುಂದೆ ತನ್ನ ದುಃಖ ಹೇಳಿಕೊಂಡ. ಎಲ್ಲರೂ ತನ್ನನ್ನೇ ಬೈಯುತ್ತಾರೆ, ಒಬ್ಬರು ನಾಯಿ ಬಿಟ್ಟರು, ಪೆಟ್ರೋಲಿಗೂ ಸರಿಯಾಗಿ ಕೊಡುವುದಿಲ್ಲ. ಅತ್ತೆ ಲೊಚಗುಟ್ಟಿ ಮೂರನೆಯ ರೊಟ್ಟಿ ಹಾಕಿಸಿದರು, ಆದರೆ ಪಟ್ಟು ಬಿಡಲಿಲ್ಲ. ಕೊನೆಗೆ ಅವನು ಕೈ ತೊಳೆದು, "ಬ್ಯಾಡಂದ್ರ ಹೇಳಿಬಿಡ್ರಿ, ವಾಪಸ್ ಒಯ್ತೇನಿ. ಮತ್ತ ಬರಂಗಿಲ್ಲ" ಎಂದ.

"ಒಯ್ಯಿ," ಎಂದರು ಅತ್ತೆ. "ಬಜಾರದಾಗ ಕತ್ತರಿ ಸಿಗಂಗಿಲ್ಲೇನು?"

"ಇದು ಸಿಗಂಗಿಲ್ರಿ," ಎಂದೆ ನಾನು. "ಇದು ಎಡಗೈದ್ದು."

ಗಂಡ ಪೇಪರನ್ನು ಇನ್ನೂ ಮೇಲೆತ್ತಿ ಹಿಡಿದರು. ಅತ್ತೆ ನನ್ನ ಕಡೆ ತಿರುಗಿದರು. ನನ್ನ ಊದಿದ ಹೆಬ್ಬೆರಳು ಸೆರಗಿನೊಳಗೆ ನೋಯುತ್ತಿತ್ತು. ಈ ಪೆಟ್ಟಿಗೆ ಬೈಕ್ ಹತ್ತಿದರೆ ನನ್ನ ಕಸುಬೂ ಅದರ ಜೊತೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. "ನನ್ನ ಕೈ, ನನ್ನ ರೊಕ್ಕ" ಎಂದು ಒಳಗೆ ಹೋಗಿ, ಹೊಸ ಇಸ್ತ್ರಿ ಪೆಟ್ಟಿಗೆಗೆಂದು ಇಟ್ಟಿದ್ದ ಹಣ ತಂದುಕೊಟ್ಟೆ. ಅವನ ಫೋನಿನ ಮೇಲೆ ಬೆರಳಿನಲ್ಲಿ ಸಹಿ ಮಾಡಬೇಕಿತ್ತು, ಎಡಗೈ ಬೆರಳಿನಲ್ಲೇ ಮಾಡಿದೆ. ಅವನು ಹೊರಡುವಾಗ ಅತ್ತೆ, "ಕೊಸರು?" ಎಂದು ಕೈ ಚಾಚಿದರು. ಕೊಸರಿಲ್ಲದೆ ಅವರು ಕೊತ್ತಂಬರಿಯನ್ನೂ ಕೊಂಡವರಲ್ಲ. ಪಾಪ, ಅವನು ಜೇಬಿನ ಪೆನ್ನು ಕೊಟ್ಟು ಹೋದ. ಅದು ಈಗಲೂ ನನ್ನ ಅಳತೆ ಪುಸ್ತಕದಲ್ಲಿದೆ.

ಪೆಟ್ಟಿಗೆ ಬಿಚ್ಚಿ, ಹಳೆಯ ಹತ್ತಿ ಸೀರೆಯೊಂದನ್ನು ಮೇಜಿನ ಮೇಲೆ ಹಾಸಿ, ಎಡಗೈಯಲ್ಲಿ ಕತ್ತರಿ ಹಿಡಿದೆ. ಏನು ಹೇಳಲಿ! ಗೆರೆ ಕಣ್ಣೆದುರೇ ಕಾಣುತ್ತಿತ್ತು, ಅಲಗು ಅದರ ಮೇಲೆ ತಾನೇ ನಡೆಯಿತು. ಒಂದು ಮೊಳ ಕತ್ತರಿಸಿದೆ, ಇನ್ನೊಂದು ಮೊಳ ಕತ್ತರಿಸಿದೆ, ಎಲ್ಲೂ ನೋವಿಲ್ಲ. ನಲವತ್ತೆರಡು ವರ್ಷಕ್ಕೆ ಮೊದಲ ಸಲ ಯಾರೋ ನನ್ನ ಕೈಗಾಗಿ ಒಂದು ವಸ್ತು ಮಾಡಿದ್ದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಗಂಡ ಬಂದು, "ಕೊಡಿಲ್ಲಿ, ಏಳ ಸಾವಿರದ ಕತ್ತರಿ ನೋಡೂಣು" ಎಂದು ಬಲಗೈಯಲ್ಲಿ ಹಿಡಿದರು. ಬಟ್ಟೆ ಮಡಚಿಕೊಂಡಿತು, ಒಂದು ಎಳೆಯೂ ಕತ್ತರಿಸಲಿಲ್ಲ. ಗಾಳಿಯಲ್ಲಿ ಕಚಕಚ ಆಡಿಸಿ ನೋಡಿದರು. "ಏ, ಖಾಲಿ ಕತ್ತರಿ ಆಡಸಬ್ಯಾಡ, ಮನ್ಯಾಗ ಜಗಳ ಆಗ್ತಾವ!" ಎನ್ನುತ್ತ ಅತ್ತೆ ಒಳಗೆ ಬಂದರು. ಕತ್ತರಿ ಕಸಿದುಕೊಂಡು ತಾವೂ ಬಲಗೈಯಲ್ಲಿ ಹಿಡಿದು ನೋಡಿದರು. ಅವರಿಗೂ ಬಟ್ಟೆ ಮಡಚಿಕೊಂಡಿತು. "ಮೋಸ ಆತು ನಿನಗ. ಧಾರಿನೇ ಇಲ್ಲ ಇದಕ್ಕ," ಎಂದರು. ಮಾತಿನಲ್ಲಿ ಸ್ವಲ್ಪ ಸಮಾಧಾನವೂ ಇತ್ತು. ಗಂಡ ನಗುತ್ತಾ ಚಹಾಕ್ಕೆ ಹಾಲು ತರಲು ಹೋದರು. ನಾನು ಬೆನ್ನು ಮಾಡಿ ಪೆಟ್ಟಿಗೆಯ ಕಾಗದ ಮಡಚತೊಡಗಿದೆ.

ಹಿಂದಿನಿಂದ ಸದ್ದು ಕೇಳಿತು. ಬಟ್ಟೆ ನೇರವಾಗಿ, ತಡೆಯಿಲ್ಲದೆ ಕತ್ತರಿಸುವ ಸದ್ದು ದರ್ಜಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ತಿರುಗಿ ನೋಡಿದೆ. ಅತ್ತೆ ಮೇಜಿಗೆ ಬಾಗಿ ನಿಂತಿದ್ದರು, ಕತ್ತರಿ ಅವರ ಎಡಗೈಯಲ್ಲಿತ್ತು. ಸೀರೆ ಈ ತುದಿಯಿಂದ ಆ ತುದಿಯವರೆಗೆ ಎರಡಾಗಿತ್ತು. ಅಂಚು ಎಲ್ಲೂ ಸೊಟ್ಟಗಾಗಿರಲಿಲ್ಲ. ಅವರ ಗಂಟು ನನಗೊಬ್ಬಳಿಗೇ ಯಾಕೆ ಬಿಚ್ಚುತ್ತಿತ್ತು ಎಂದು ಆಗ ತಿಳಿಯಿತು.

"ಅತ್ತ್ಯಾರ..." ಎಂದೆ.

ಅವರು ತಲೆ ಎತ್ತಲಿಲ್ಲ. "ನಮ್ಮವ್ವ ನಾ ಉಣ್ಣಾಕ ಕುಂತಾಗೆಲ್ಲಾ ಈ ಕೈಗೆ ಅರಿವಿ ಸುತ್ತಿ ಕಟ್ಟತಿದ್ಲು," ಎಂದರು. "ಆಮ್ಯಾಲ ರೂಢಿ ತಪ್ಪತು. ಮರ್ತೇನಿ ಅಂತ ತಿಳ್ಕೊಂಡಿದ್ದೆ."

ನಾನು ಹತ್ತಿರ ಹೋಗಿ ನಿಂತೆ. ಇಪ್ಪತ್ತು ವರ್ಷದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಅತ್ತೆ ಉಳಿದ ಬಟ್ಟೆಯನ್ನು ಮತ್ತೆ ಹಾಸಿಕೊಂಡರು.

"ಜಕಾತಿ ಹಿಡದು ಒಟ್ಟ ಎಷ್ಟ ಬಿತ್ತು ಅಂದಿ?"

"ಏಳ ಸಾವಿರ್ರಿ."

ಅವರು ಎಡಗೈ ಹೆಬ್ಬೆರಳನ್ನು ಹಿಡಿಕೆಯಿಂದ ತೆಗೆದು, ನೋಡಿ, ಮತ್ತೆ ಒಳಗೆ ಹಾಕಿದರು.

"ಸಸ್ತಾ ಬಿತ್ತು," ಎಂದರು.