ಬಾಣಂತಿಗೆ ಕಂಡ ಆಫ್ರಿಕಾ

ಎಪ್ಪತ್ತರ ದಶಕದಲ್ಲಿ ನಮ್ಮ ಯಲಿಯೂರಿಗೆ ಜೀಪಿನಲ್ಲಿ ಸಿನಿಮಾ ಯಂತ್ರ ತರುತ್ತಿದ್ದ ಆಪರೇಟರು ಬಹಳ ಮಾತಿನವರಲ್ಲ. ರೀಲು ಮುಗಿದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತ, "ನೋಡೋಕೆ ಯಾರಾದ್ರೂ ಬಾಕಿ ಇದ್ದೀರಾ?" ಎಂದಷ್ಟೇ ಕೇಳುತ್ತಿದ್ದರು.

ಒಂದು ಸಂಜೆ ಶಾಲೆ ಬಯಲಲ್ಲಿ ಆಫ್ರಿಕಾದವರ ಹಾಡು, ನಗಾರಿಗಳ ಕಛೇರಿ ತೋರಿಸಿದರು. ಊರೆಲ್ಲ ಕುಣಿಯಿತು. ಹಸಿ ಬಾಣಂತಿಯಾಗಿದ್ದ ನನ್ನ ಮಗಳು ಮಾತ್ರ ಕೋಣೆಯಲ್ಲೇ ಸದ್ದು ಕೇಳಿ ಅತ್ತಳು. ಮೊಮ್ಮಗಳು ಹುಟ್ಟಿದ ಖುಷಿಗೆ ಕಂಡಕಂಡವರಿಗೆಲ್ಲ ಸಕ್ಕರೆ ಹಂಚುತ್ತಿದ್ದ ನಾನು ಆಪರೇಟರ ಕೈಗೂ ಹಾಕಿ, "ನನ್ ಮಗಳೊಬ್ಳು ಬಾಕಿ ಕಣಣ್ಣ" ಅಂದುಬಿಟ್ಟೆ.

ಮರುದಿನ ಯಂತ್ರ ನಮ್ಮ ನಡುಮನೆಗೇ ಬಂತು!

"ಬಾಣಂತಿ ಕ್ವಾಣೆಗೆ ಗಂಡಸ್ರಾ? ಬ್ಯಾಡ ಕಣಪ್ಪ," ಎಂದು ನನ್ನತ್ತೆ ಅಡ್ಡ ನಿಂತರು.

ಆಪರೇಟರು ಕೋಣೆ ಬಾಗಿಲಿಗೆ ತೆಳು ಪಂಚೆ ಕಟ್ಟಿಸಿ, ಕಿಟಕಿ ಮುಚ್ಚಿಸಿ, ಈಚೆಯಿಂದಲೇ ಬೆಳಕು ಬಿಟ್ಟರು. ಚಿತ್ರ ಪಂಚೆಯ ಆಚೆಗೂ ಮೂಡಿತು.

"ಕಾಣುತ್ತಾ ತಾಯಿ?"

"ಕಾಣ್ತದೆ ಕಣಣ್ಣೋ! ಅದ್ಯಾಕೆ ಎಲ್ರೂ ಎಡಗೈಲೇ ಬಡೀತಾವ್ರೆ?" ಎಂದಳು ಮಗಳು. ಪಂಚೆಯ ಹಿಂಬದಿಯಿಂದ ಚಿತ್ರದ ಎಡಬಲ ಅದಲುಬದಲಾಗಿತ್ತು; ಆಪರೇಟರು ನಕ್ಕಿದ್ದನ್ನು ಅವತ್ತೇ ನಾನು ಕಂಡಿದ್ದು.

ಹಾಗೂ ಉಂಟೇ ಎಂದು ನೋಡಲು ಒಳಹೋದ ಅತ್ತೆ ಹೊರಗೆ ಬರಲೇ ಇಲ್ಲ. ರೀಲು ಮುಗಿದಾಗ ಪಂಚೆಯಾಚೆಯಿಂದ ಅವರ ದನಿ ಬಂತು: "ಇನ್ನೊಂದ್ಸಲ ಆಕಪ್ಪ, ಕೂಸು ಈಗ ಕಣ್ ಬುಡ್ತು!"

ಆಪರೇಟರು ರೀಲನ್ನು ಹಿಂದಕ್ಕೆ ಸುತ್ತತೊಡಗಿದರು.